ಜಿಂಕೆಯ ರೋಗ, ದನದ ಲಸಿಕೆ

2025ರ ನವೆಂಬರ್‌ನಲ್ಲಿ ಬೆಳಗಾವಿ ಬಳಿಯ ಭೂತರಾಮನಹಟ್ಟಿ ಮೃಗಾಲಯದಲ್ಲಿ 31 ಕೃಷ್ಣಮೃಗಗಳನ್ನು ಕೆಲವೇ ದಿನಗಳಲ್ಲಿ ಬಲಿ ಪಡೆದದ್ದು ಗಳಲೆ ರೋಗ. ಅದು ನಮ್ಮ ಕೊಟ್ಟಿಗೆಗಳಿಗೆ ಹಳೆಯ ಪರಿಚಯದ ಗಂಟಲು ಬೇನೆಯೇ. ಬೇಲಿಯೊಳಗಿನ ಸಾವು ಎಣಿಕೆಗೆ ಸಿಕ್ಕಿತು. ಆದರೆ ಉತ್ತರ ಕನ್ನಡದ ಜೊಯಿಡಾ, ಹಳಿಯಾಳ, ಮುಂಡಗೋಡದ ಕಾಡಂಚಿನಲ್ಲಿ ದನ ಮೇಯುವಲ್ಲೇ ಚುಕ್ಕೆ ಜಿಂಕೆಯೂ ಮೇಯುತ್ತದೆ. ಅಲ್ಲಿ ಇಂಥ ಬೇನೆ ಹಬ್ಬಿದರೆ ಮೊದಲು ತಿಳಿಯುವುದು ಸೀಳುನಾಯಿಗೋ, ಕಳ್ಳಬೇಟೆಗಾರನಿಗೋ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆಯನ್ನು ನಿಷೇಧಿಸಿದೆ, ನಿಜ. ಆದರೆ ಕದ್ದು ಕೊಂದ ಮಾಂಸ ಯಾವ ಪಶುವೈದ್ಯರ ಕಣ್ಣಿಗೂ ಬೀಳದೆ ಒಲೆ ಸೇರುತ್ತದೆ.

ಒಂದೆರಡು ದಿನದಲ್ಲೇ ಪ್ರಾಣ ತೆಗೆಯುವ ರೋಗ ಕಡತಗಳ ಓಡಾಟಕ್ಕೆ ಕಾಯದು. ಬೇನೆ ದನದಿಂದ ಜಿಂಕೆಗೆ ದಾಟದಂತೆ, ಈ ಭಾಗದ ಕಾಳಿ ಹುಲಿ ಸಂರಕ್ಷಿತ ಪ್ರದೇಶದ ಸುತ್ತಲಿನ ಪ್ರತಿ ದನಕ್ಕೂ ಮಳೆಗಾಲಕ್ಕೆ ಮುನ್ನ ಗಳಲೆ ಲಸಿಕೆ ಸಿಗಬೇಕು. ಸತ್ತು ಸಿಕ್ಕ, ಬೇಟೆಗಾರರಿಂದ ವಶಪಡಿಸಿಕೊಂಡ ಪ್ರತಿ ಜಿಂಕೆಯ ಮಾದರಿ ಪ್ರಯೋಗಾಲಯಕ್ಕೆ ಹೋಗಬೇಕು. ಅರಣ್ಯ ಹಾಗೂ ಪಶುಸಂಗೋಪನಾ ಇಲಾಖೆಗಳು ಇದನ್ನು ಜಂಟಿಯಾಗಿ ಹೊರಬೇಕೆಂಬುದು ನಮ್ಮ ನಿಲುವು.