ಎಣಿಕೆ ಮನೆಯ ಮಾತಿನಲ್ಲಿರಲಿ

“ನಾವು ಸಾಲಿ ಕಲ್ತಿಲ್ರಿ, ಮಕ್ಕಳಿಗೆ ಗಣಿತ ಏನ್ ಹೇಳಿಕೊಡೂಣು?” ಅಕ್ಕಲಕೋಟೆ, ಜತ್ತ ಭಾಗದ ಪಾಲಕರಲ್ಲಿ ಆಗಾಗ ಕೇಳಿಬರುವ ಮಾತಿದು. ಇದರಲ್ಲಿ ವಿನಯವಿದೆ, ಕೈಯಲ್ಲಿರುವ ಆಸ್ತಿಯನ್ನು ತಿಳಿಯದೆ ಬಿಟ್ಟುಕೊಡುವ ಅಪಾಯವೂ ಇದೆ. ಆ ಆಸ್ತಿ ನಮ್ಮ ಎಣಿಕೆಯ ನುಡಿ.

ಇಪ್ಪತ್ತೈದು ಎಂಬ ಪದವನ್ನು ಗಮನಿಸಿರಿ. ಮೊದಲು ಇಪ್ಪತ್ತು, ಅನಂತರ ಐದು. 25 ಎಂದು ಬರೆಯುವಾಗಲೂ ಹತ್ತರ ಸ್ಥಾನದ 2 ಮೊದಲು, ಬಿಡಿಯ 5 ಅನಂತರ. ನುಡಿಯುವ ಕ್ರಮವೂ ಬರೆಯುವ ಕ್ರಮವೂ ಒಂದೇ. ಮರಾಠಿಯ ‘ಪಂಚವೀಸ’ದಲ್ಲಿ ಐದು ಮೊದಲು ಬರುತ್ತದೆ, 29 ಅಲ್ಲಿ ‘ಏಕೋಣತೀಸ’, ಅಂದರೆ ಮೂವತ್ತಕ್ಕೆ ಒಂದು ಕಡಿಮೆ. ಮಕ್ಕಳಿಗೆ ಸುಲಭವಾಗಲೆಂದು ಬಾಲಭಾರತಿಯು 2019ರಲ್ಲಿ ಎರಡನೆಯ ಇಯತ್ತೆಯ ಗಣಿತ ಪುಸ್ತಕದಲ್ಲಿ ‘ವೀಸ ಪಾಚ’ ಎಂಬ ಮಾದರಿಯನ್ನು ತಂದಾಗ ರಾಜ್ಯದಾದ್ಯಂತ ವಾದವಿವಾದ ನಡೆಯಿತು. ಮರಾಠಿಯನ್ನು ಹಳಿಯಲು ಇದನ್ನು ಹೇಳುತ್ತಿಲ್ಲ. ಅದು ನಮ್ಮ ಮಕ್ಕಳು ಕಲಿಯಲೇಬೇಕಾದ ನೆರೆನುಡಿ. ಆದರೆ ಅಲ್ಲಿ ಯತ್ನಿಸಿ ತರಬೇಕಾದ ಸೌಕರ್ಯ ಕನ್ನಡದ ಮಗುವಿಗೆ ತಾಯಿನುಡಿಯಲ್ಲೇ ಇದೆ.

ನಮ್ಮ ಮನೆಗಳಲ್ಲಿ ಮಾತು ಕನ್ನಡ, ಅಂಗಡಿಯ ಲೆಕ್ಕ ಮರಾಠಿ, ಮೊಬೈಲ್ ನಂಬರು ಇಂಗ್ಲಿಷು. ‘ಅಠ್ಠಾವನ’ ಎಂದು ಕೇಳಿ ಮಗು 85 ಎಂದು ಬರೆದರೆ ಅದು ದಡ್ಡತನವಲ್ಲ. ಕಿವಿಗೆ ಮೊದಲು ಬಿದ್ದ ಎಂಟನ್ನು ಅದು ಮೊದಲು ಬರೆದಿದೆ. ಅಷ್ಟಕ್ಕೇ ಬೆದರಿ ಮಗುವನ್ನು ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವುದು ಪರಿಹಾರವಲ್ಲ.

ಮೊದಲ ಮೂರು ವರ್ಷ ಮನೆಯ ಲೆಕ್ಕವನ್ನು ಕನ್ನಡದಲ್ಲಿ ಮಾಡಿರಿ. ಸಂತೆಯಿಂದ ತಂದ ನಿಂಬೆಹಣ್ಣುಗಳನ್ನು ಹತ್ತು ಹತ್ತರ ಗುಂಪು ಮಾಡಿಸಿ, ಉಳಿದ ಬಿಡಿಗಳನ್ನು ಎಣಿಸಲು ಹೇಳಿರಿ. ರೊಟ್ಟಿ ಮುರಿಯುವಾಗ ಅರ್ಧ, ಕಾಲು, ಮುಕ್ಕಾಲು ತೋರಿಸಿರಿ. ಐವತ್ತರ ನೋಟಿನಲ್ಲಿ ಮೂವತ್ತೆರಡು ಹೋದರೆ ಉಳಿದದ್ದೆಷ್ಟೆಂದು ಕೇಳಿರಿ. ಉತ್ತರ ತಪ್ಪಿದರೆ ಗದರದೆ, “ಹೆಂಗ ಎಣಿಸಿದಿ?” ಎನ್ನಿರಿ. ಇದಕ್ಕೆ ಅಕ್ಷರಜ್ಞಾನ ಬೇಕಿಲ್ಲ.

ಶಾಲೆಯಲ್ಲಿಯೂ ನೀವು ಹೊರಗಿನವರಲ್ಲ. ಜಿಲ್ಲಾ ಪರಿಷತ್ತಿನ ಶಾಲೆಗಳಿಗೆ ಅನ್ವಯಿಸುವ 2009ರ ಶಿಕ್ಷಣ ಹಕ್ಕು ಕಾಯ್ದೆಯ 24ನೆಯ ಕಲಮಿನಂತೆ, ಶಿಕ್ಷಕರು ಪಾಲಕರ ಸಭೆಯನ್ನು ನಿಯಮಿತವಾಗಿ ನಡೆಸಿ ಮಗುವಿನ ಹಾಜರಿ, ಕಲಿಕೆಯ ಸಾಮರ್ಥ್ಯ, ಪ್ರಗತಿಗಳನ್ನು ತಿಳಿಸಬೇಕು. 21ನೆಯ ಕಲಮಿನಂತೆ ಶಾಲಾ ವ್ಯವಸ್ಥಾಪನ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪಾಲಕರೇ ಆಗಿರಬೇಕು. ಮುಂದಿನ ಸಭೆಯಲ್ಲಿ ಅಂಕಗಳೆಷ್ಟೆಂದು ಮಾತ್ರ ಕೇಳಿ ಮರಳಬೇಡಿರಿ. “ನನ್ನ ಮಗು 47ರಲ್ಲಿ ಎಷ್ಟು ಹತ್ತು, ಎಷ್ಟು ಬಿಡಿ ಎಂದು ಹೇಳಬಲ್ಲದೇ?” ಎಂದು ಕೇಳಿರಿ. ಆ ಪ್ರಶ್ನೆ ಕೇಳುವ ಅಧಿಕಾರ ನಿಮಗಿದೆ.