ಹಾಲಹಳ್ಳಿಗೆ ಬಂದ ಎಂ.ಎ.

ಹಲಬರ್ಗಾದಂಥ ಊರಿನಲ್ಲಿ ಬಿ.ಎ. ಪರೀಕ್ಷೆಯ ಫಲಿತಾಂಶ ಹೊರಬಿದ್ದ ವಾರ, ತೇರ್ಗಡೆಯಾದ ಹುಡುಗನು ತಾನು ಮುಂದೆ ಇತಿಹಾಸವನ್ನೋ ಕನ್ನಡವನ್ನೋ ಎಂ.ಎ. ತರಗತಿಯಲ್ಲಿ ಓದುವೆನೆಂದು ಬಾಯಿಬಿಟ್ಟನೆಂದರೆ, ಅವನಿಗೆ ಮೊದಲು ದೊರೆಯುವುದು ಆಶೀರ್ವಾದವಲ್ಲ, ಪ್ರಶ್ನೆ: "ಅಲ್ಲೋ ತಮ್ಮಾ, ಎಂ.ಎ. ಕಲ್ತು ಏನ್ ಮಾಡ್ತಿ? ಬಿ.ಎಡ್. ಮಾಡಿದ್ರ ಮಾಸ್ತರಕಿನಾರ ಸಿಗ್ತದ." ಹೀಗೆ ಕೇಳುವ ಕಾಕಾ ಅವಿವೇಕಿಯಲ್ಲ, ವಿದ್ಯಾದ್ವೇಷಿಯಂತೂ ಅಲ್ಲವೇ ಅಲ್ಲ. ತೊಗರಿಗೆ ನೆಟೆ ರೋಗ ತಗುಲಿದ ವರ್ಷವೂ, ಸೋಯಾಬೀನಿನ ಧಾರಣೆ ಕುಸಿದ ವರ್ಷವೂ ಮನೆಯ ಒಬ್ಬ ಹುಡುಗನನ್ನಾದರೂ ಓದು ಬಿಡಿಸದೆ ಕಾಪಾಡಿದವನು ಅವನು; ಎಂ.ಎ. ಮುಗಿಸಿ, ಅತಿಥಿ ಉಪನ್ಯಾಸಕರೆಂಬ ಗೌರವದ ಹೆಸರನ್ನು ಹೊತ್ತು, ಮರುವರ್ಷ ಕರೆ ಬರುವುದೋ ಬಾರದೋ ಎಂಬ ಸಂಶಯದಲ್ಲಿಯೇ ತಲೆ ನರೆಸಿಕೊಂಡವರನ್ನು ಕಣ್ಣಾರೆ ಕಂಡವನು. ಆದಕಾರಣ ಜ್ಞಾನವು ಜ್ಞಾನಕ್ಕಾಗಿಯೇ ಎಂಬ ಸುಲಭವಾದ ಸುಭಾಷಿತದಿಂದ ಅವನ ಬಾಯಿ ಮುಚ್ಚಿಸುವುದು ನ್ಯಾಯವಲ್ಲ. ಅವನ ಪ್ರಶ್ನೆಗೆ ಉತ್ತರ ಕೊಡಬೇಕಾದವನು ಹುಡುಗನೂ ಅಲ್ಲ. ಆ ಪದವಿಯನ್ನು ಕೊಡುವ ವಿದ್ಯಾಪೀಠ.

ಆ ವಿದ್ಯಾಪೀಠವು ಈಗ ದೂರದಲ್ಲಿಲ್ಲವೆಂಬುದೇ ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಕಾರಣ. ಉಚ್ಚಶಿಕ್ಷಣವೆಂಬುದು ಬೀದರ್ ಸೀಮೆಯವರಿಗೆ ಬಹುಕಾಲ ಪರಸ್ಥಳದ ವಸ್ತುವಾಗಿತ್ತು. ನಿಜಾಮರ ಆಳ್ವಿಕೆಯಲ್ಲಿ ಅದು ಹೈದರಾಬಾದಿನಲ್ಲಿತ್ತು. 1918ರಲ್ಲಿ ಸ್ಥಾಪಿತವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಬೋಧನೆಯ ಭಾಷೆ ಉರ್ದು ಆಗಿದ್ದುದರಿಂದ, ಭಾಲ್ಕಿಯ ಕಡೆಯ ಕನ್ನಡ ಹುಡುಗನು ತರ್ಕವನ್ನಾಗಲಿ ಇತಿಹಾಸವನ್ನಾಗಲಿ ಉರ್ದುವಿನಲ್ಲಿಯೇ ಓದಬೇಕಾಗಿತ್ತು. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ, ಹಳೆಯ ಬೀದರ್ ಜಿಲ್ಲೆಯ ಉದಗೀರ, ನಿಲಂಗಾ, ಅಹಮದಪುರಗಳು ಮರಾಠಿ ಸೀಮೆಗೂ, ಜಹೀರಾಬಾದು ನಾರಾಯಣಖೇಡಗಳು ತೆಲುಗು ಸೀಮೆಗೂ ಸಂದು, ಬೀದರ್, ಭಾಲ್ಕಿ, ಔರಾದ, ಹುಮನಾಬಾದಿನ ಭಾಗಗಳು ಮೈಸೂರು ರಾಜ್ಯದಲ್ಲಿ ಉಳಿದಾಗ, ಎಂ.ಎ. ಎಂಬುದು ಧಾರವಾಡದ ದಾರಿ ಹಿಡಿಯಿತು. 1970ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರವು ಗುಲ್ಬರ್ಗದಲ್ಲಿ ತೆರೆಯಿತು. 1980ರಲ್ಲಿ ಅದು ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಕ್ರಮೇಣ ಆ ವಿಶ್ವವಿದ್ಯಾಲಯದ್ದೇ ಒಂದು ಸ್ನಾತಕೋತ್ತರ ಕೇಂದ್ರವು ನಮ್ಮ ಭಾಲ್ಕಿ ತಾಲ್ಲೂಕಿನ ಹಾಲಹಳ್ಳಿಯಲ್ಲಿ ನೆಲೆಗೊಂಡು, 2023ರಲ್ಲಿ ಬೀದರ್ ವಿಶ್ವವಿದ್ಯಾಲಯವೆಂಬ ಹೆಸರು ಪಡೆಯಿತು. ಪಶುವೈದ್ಯಕ್ಕೆ ಬೀದರಿನಲ್ಲಿ ವಿಶ್ವವಿದ್ಯಾಲಯ ಬಂದದ್ದು ಇದಕ್ಕೆ ಸುಮಾರು ಎರಡು ದಶಕಗಳ ಮೊದಲೇ ಎಂಬುದನ್ನು ನೆನೆದರೆ, ಮನುಷ್ಯವಿದ್ಯೆಗಳ ಸರದಿ ತಡವಾಗಿ ಬಂತೆಂದು ಕೊರಗಬೇಕೋ, ಬಂತಲ್ಲವೆಂದು ಹಿಗ್ಗಬೇಕೋ ತಿಳಿಯದು. 2025ರ ಆದಿಭಾಗದಲ್ಲಿ ಹೊಸ ವಿಶ್ವವಿದ್ಯಾಲಯಗಳಲ್ಲಿ ಒಂಬತ್ತನ್ನು ಮುಚ್ಚುವ ಆಲೋಚನೆ ಸರಕಾರದ ಮಟ್ಟದಲ್ಲಿ ನಡೆದಾಗ, ಬೀದರಿನದು ಆ ಪಟ್ಟಿಯಲ್ಲಿ ಸೇರಲಿಲ್ಲ. ಅಷ್ಟರಮಟ್ಟಿಗೆ ನಮ್ಮ ಅದೃಷ್ಟ.

ಈ ಸಾಮೀಪ್ಯದಿಂದ ಆದ ಒಂದು ಲಾಭವನ್ನು ಯಾವ ನಿಂದಕನೂ ಅಲ್ಲಗಳೆಯಲಾರ. ಧಾರವಾಡಕ್ಕೂ ಕಲಬುರಗಿಗೂ ಮಗಳನ್ನು ಕಳುಹಿಸಲೊಲ್ಲದ ತಂದೆತಾಯಿಗಳು ಹಾಲಹಳ್ಳಿಗಾದರೆ ಒಪ್ಪುತ್ತಾರೆ. 2023ರ ಜೂನ್ ತಿಂಗಳಿನಿಂದ ಸರಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟಿನ ಹಣವೂ ಬೇಡವಾಗಿರುವುದರಿಂದ, ಮುಂಜಾನೆ ರೊಟ್ಟಿ ಬಡಿದಿಟ್ಟು ಹೊರಟ ಹುಡುಗಿ ಸಂಜೆಗೆ ಮನೆ ಸೇರಬಲ್ಲಳು. ಅವಳ ಅವ್ವನಿಗೆ ಈ ಭಾಗ್ಯವಿರಲಿಲ್ಲ.

ಆದರೆ ಊರಿಗೆ ಹತ್ತಿರವಾದ ವಿದ್ಯೆ ಊರಿನ ಬದುಕಿಗೂ ಹತ್ತಿರವಾಯಿತೆ? ನನ್ನ ಆಕ್ಷೇಪವಿರುವುದು ಇಲ್ಲಿಯೇ. ಅದಕ್ಕೆ ಬರುವ ಮುನ್ನ, ಈಚಿನ ವರ್ಷಗಳಲ್ಲಿ ಆನರ್ಸ್ ಎಂಬ ಹೆಸರಿನಲ್ಲಿ ನಡೆದ ಪ್ರಯೋಗವನ್ನು ಸ್ವಲ್ಪ ನೋಡಬೇಕು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಕರ್ನಾಟಕವು ಇತರ ರಾಜ್ಯಗಳಿಗಿಂತ ಮುಂಚಿತವಾಗಿ ಆಚರಣೆಗೆ ತಂದು, ಬಿ.ಎ. ಪದವಿಯನ್ನು ನಾಲ್ಕು ವರ್ಷಗಳ ಆನರ್ಸ್ ಆಗಿ ವಿಸ್ತರಿಸಿತು. ನಾಲ್ಕನೆಯ ವರ್ಷವನ್ನು ಮುಗಿಸಿದವನಿಗೆ ಎಂ.ಎ. ಒಂದೇ ವರ್ಷದ್ದೆಂದಾಯಿತು. 2024ರ ಮೇ ತಿಂಗಳಿನಲ್ಲಿ, ಪ್ರೊಫೆಸರ್ ಸುಖದೇವ ಥೋರಟ್ ಅವರ ಅಧ್ಯಕ್ಷತೆಯ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯನ್ನು ಆಧರಿಸಿ, ಸರಕಾರವು ಮೂರು ವರ್ಷಗಳ ಪದವಿಗೆ ಮರಳಿತು. ನಡುವಣ ಮೂರು ತಂಡಗಳ ವಿದ್ಯಾರ್ಥಿಗಳಿಗೆ ಮಾತ್ರ, ಇಚ್ಛೆಯಿದ್ದಲ್ಲಿ ನಾಲ್ಕನೆಯ ವರ್ಷವನ್ನು ಓದುವ ಅವಕಾಶ ಉಳಿಯಿತು. ತೊಡಿಸಿದ ಅಂಗಿಯನ್ನು ಅಳತೆ ತಪ್ಪಿತೆಂದು ಹೊಲಿಗೆ ಮುಗಿಯುವ ಮುನ್ನವೇ ಬಿಚ್ಚಿಸಿದಂತಾಯಿತು ಇದು. ಬಿಚ್ಚಿಸಿದ್ದನ್ನು ನಾನು ತಪ್ಪೆನ್ನಲಾರೆ. ಮೂರು ವರ್ಷಗಳ ಪಾಠಕ್ಕೇ ಪೂರ್ಣಾವಧಿಯ ಅಧ್ಯಾಪಕರಿಲ್ಲದ ತಾಲ್ಲೂಕಿನ ಕಾಲೇಜುಗಳಲ್ಲಿ ನಾಲ್ಕನೆಯದನ್ನು ಯಾರು ಬೋಧಿಸಬೇಕಾಗಿತ್ತು? ಬಡವರ ಮನೆಯ ಹುಡುಗನಿಗೆ ಇನ್ನೊಂದು ವರ್ಷವೆಂದರೆ ಇನ್ನೊಂದು ವರ್ಷದ ಸಾಲ.

ಹೀಗಿದ್ದರೂ ಆ ಪ್ರಯೋಗದೊಡನೆ ಒಂದು ಸದ್ವಸ್ತುವೂ ಕೈಬಿಟ್ಟುಹೋಯಿತೆಂಬ ವ್ಯಥೆ ನನಗುಂಟು. ನಾಲ್ಕನೆಯ ವರ್ಷದಲ್ಲಿ ವಿದ್ಯಾರ್ಥಿಯು ತಾನೇ ಒಂದು ವಿಷಯವನ್ನು ಆರಿಸಿ, ತಾನೇ ಆಕರಗಳನ್ನು ಹುಡುಕಿ, ತಾನೇ ಒಂದು ನಿರ್ಣಯಕ್ಕೆ ಬಂದು ಬರೆಯುವ ಸಂಶೋಧನ ಪ್ರಬಂಧಕ್ಕೆ ಸ್ಥಾನವಿತ್ತು. ಪದವಿಗಳ ಹೆಸರು ದೇಶದೇಶಕ್ಕೆ ಬೇರೆ: ಸ್ಕಾಟ್ಲೆಂಡಿನ ಪ್ರಾಚೀನ ವಿಶ್ವವಿದ್ಯಾಲಯಗಳಲ್ಲಿ ಕಲಾವಿಷಯಗಳ ಪ್ರಥಮ ಪದವಿಯನ್ನೇ ನಾಲ್ಕು ವರ್ಷಗಳ ಆನರ್ಸ್ ಎಂ.ಎ. ಎಂದು ಕರೆಯುತ್ತಾರೆ, ಆಕ್ಸ್‌ಫರ್ಡಿನಲ್ಲಿ ಬಿ.ಎ. ಆದವನು ಕೆಲವು ವರ್ಷ ಕಾದಿದ್ದರೆ ಬೇರೆ ಪರೀಕ್ಷೆಯಿಲ್ಲದೆಯೇ ಎಂ.ಎ. ಎನಿಸಿಕೊಳ್ಳುತ್ತಾನೆ. ಹೆಸರು ಹೇಗೂ ಇರಲಿ, ಆನರ್ಸ್ ಎಂಬ ವ್ಯಾಸಂಗಕ್ಕೆ ಎಲ್ಲಿ ಬೆಲೆಯಿದೆಯೋ ಅಲ್ಲಿ ಆ ಬೆಲೆಯ ಮೂಲ ಇಂಥ ಸ್ವಯಂಕೃತ ಪ್ರಬಂಧದಲ್ಲಿದೆ. ಅನ್ಯರು ಸಿದ್ಧಪಡಿಸಿದ ಪ್ರಶ್ನೆಗಳಿಗೆ ಅನ್ಯರು ಸಿದ್ಧಪಡಿಸಿದ ಉತ್ತರಗಳನ್ನು ಒಪ್ಪಿಸುವುದರಲ್ಲಿಲ್ಲ.

ನಮ್ಮ ನಾಡಿನ ಪೂರ್ವಚರಿತ್ರೆಯೇ ಇದಕ್ಕೆ ಸಾಕ್ಷಿ. ಮೈಸೂರು ವಿಶ್ವವಿದ್ಯಾಲಯವು 1916ರಲ್ಲಿ ಹುಟ್ಟಿದರೂ ಕನ್ನಡದಲ್ಲಿ ಎಂ.ಎ. ತರಗತಿ ಆರಂಭವಾದದ್ದು 1927ರಲ್ಲಿ. ಟಿ.ಎಸ್. ವೆಂಕಣ್ಣಯ್ಯನವರು ಅಧ್ಯಾಪಕರು, ಕುವೆಂಪು, ಡಿ.ಎಲ್. ನರಸಿಂಹಾಚಾರ್ಯರು ಆ ಮೊದಲ ವಿದ್ಯಾರ್ಥಿಗಳ ಪೈಕಿ. ಕನ್ನಡದಲ್ಲಿ ಎಂ.ಎ. ಮಾಡಿ ಆಗುವುದೇನೆಂದು ಅವರನ್ನು ಕೇಳಿದ ಕಾಕಾಗಳೂ ಇದ್ದಿರಲೇಬೇಕು. ಆಗ ಪಠ್ಯಪುಸ್ತಕಗಳೇ ವಿರಳ. ಅನೇಕ ಕಾವ್ಯಗಳು ಇನ್ನೂ ಓಲೆಯಲ್ಲಿಯೇ ಇದ್ದವು. ಓಲೆಗಳನ್ನು ಹೋಲಿಸಿ, ಪಾಠಾಂತರಗಳನ್ನು ಗುರುತಿಸಿ, ಶುದ್ಧಪಾಠವನ್ನು ನಿಶ್ಚಯಿಸುವ ಕಾರ್ಯದಲ್ಲಿ ಆಯುಷ್ಯವನ್ನು ಸವೆಸಿದ ನರಸಿಂಹಾಚಾರ್ಯರು 1949ರಲ್ಲಿ ವಡ್ಡಾರಾಧನೆಯನ್ನು ಸಂಪಾದಿಸಿ ಪ್ರಕಟಿಸಿದರು. ಸಹಸ್ರ ವರ್ಷಗಳ ಹಿಂದಿನ ಕನ್ನಡ ಗದ್ಯವು ಹೇಗೆ ನಡೆಯುತ್ತಿತ್ತೆಂಬುದನ್ನು ಇಂದು ಹಲಬರ್ಗಾದ ಹುಡುಗನೂ ಓದಿ ತಿಳಿಯಬಹುದಾದರೆ ಅದು ಅಂಥವರ ಪರಿಶ್ರಮದಿಂದ. ಎಂ.ಎ. ಪದವಿಯು ಅವರಿಗೆ ಕೊಟ್ಟದ್ದು ಉದ್ಯೋಗವನ್ನು ಮಾತ್ರವಲ್ಲ, ಕೆಲಸವನ್ನು.

ಬೀದರ್ ಜಿಲ್ಲೆಯಲ್ಲಿ ಅಂಥ ಕೆಲಸಕ್ಕೆ ಬರಗಾಲವೇನೂ ಇಲ್ಲ. ಬಸವಕಲ್ಯಾಣವೆಂದರೆ ನಮ್ಮವರಿಗೆ ಸಹಜವಾಗಿ ಶರಣರ ನೆನಪು. ಆದರೆ ಶರಣರಿಗಿಂತ ಒಂದೆರಡು ತಲೆಮಾರು ಮುಂಚೆ, ಆರನೆಯ ವಿಕ್ರಮಾದಿತ್ಯನ ಆ ರಾಜಧಾನಿಯಲ್ಲಿಯೇ ಕುಳಿತು, ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ಬರೆದನು. ಅದರ ದಾಯವಿಭಾಗದ ಪ್ರಕರಣವನ್ನು ಕೋಲ್‌ಬ್ರೂಕ್ 1810ರಲ್ಲಿ ಇಂಗ್ಲಿಷಿಗೆ ತಂದ ಮೇಲೆ, ಬಂಗಾಳದ ಕಡೆಯನ್ನು ಬಿಟ್ಟು ಉಳಿದ ಭಾರತದ ಹಿಂದೂ ಕುಟುಂಬಗಳ ಆಸ್ತಿ ಹಂಚಿಕೆಯ ವ್ಯಾಜ್ಯಗಳಲ್ಲಿ ನ್ಯಾಯಾಧೀಶರು ತೆರೆದು ನೋಡುತ್ತಿದ್ದುದು ಈ ಗ್ರಂಥವನ್ನೇ. ಭಾಲ್ಕಿಯ ಕೋರ್ಟಿನಲ್ಲಿ ಅಣ್ಣತಮ್ಮಂದಿರ ದಾವೆ ನಡೆಯುವಾಗ, 2005ರ ತಿದ್ದುಪಡಿಯಂತೆ ಮಗಳಿಗೂ ಸಮಪಾಲುಂಟೆಂದು ವಕೀಲರು ವಾದಿಸುವಾಗ, ಅವರು ತಿದ್ದುತ್ತಿರುವುದು ಅದೇ ಜಿಲ್ಲೆಯಲ್ಲಿ ಬರೆಯಲ್ಪಟ್ಟ ಒಂದು ಪುಸ್ತಕದ ಪರಂಪರೆಯನ್ನು ಎಂಬ ಸಂಗತಿ ಎಷ್ಟು ಜನ ಎಂ.ಎ. ವಿದ್ಯಾರ್ಥಿಗಳ ಅರಿವಿಗೆ ಬಂದಿದೆ?

ಹುಮನಾಬಾದ ತಾಲ್ಲೂಕಿನ ಜಲಸಂಗವಿಯ ಗುಡಿಯ ಗೋಡೆಯ ಮೇಲೆ ಒಬ್ಬ ಶಿಲಾಬಾಲಿಕೆ ನಿಂತು ಅದೇ ವಿಕ್ರಮಾದಿತ್ಯನ ಪ್ರಶಸ್ತಿಯನ್ನು ಕೊರೆಯುತ್ತಿದ್ದಾಳೆ. ಬರೆಯುವ ಹೆಣ್ಣನ್ನು ಶಿಲ್ಪಿಯು ಕಂಡರಿಸಿದ ಆ ಕಲ್ಲು ಹಾಲಹಳ್ಳಿಯಿಂದ ಒಂದು ದಿನದಲ್ಲಿ ನೋಡಿ ಬರಬಹುದಾದಷ್ಟು ಸಮೀಪದಲ್ಲಿದೆ. ಬೀದರ್ ನಗರದೊಳಗೆ, ಬಹಮನಿಗಳ ಮಂತ್ರಿ ಮಹಮೂದ್ ಗವಾನನು 1472ರಲ್ಲಿ ಪೂರ್ಣಗೊಳಿಸಿದ ಮದರಸಾ, ಹದಿನೇಳನೆಯ ಶತಮಾನದ ಕೊನೆಯಲ್ಲಿ ಸಿಡಿಮದ್ದು ಸ್ಫೋಟಿಸಿ ಅರ್ಧ ಕುಸಿದಿದ್ದರೂ, ಉಳಿದ ಒಂದು ಮಿನಾರಿನ ಮೈಮೇಲೆ ಬಣ್ಣದ ಹೆಂಚಿನ ಕೆಲಸವನ್ನು ಇನ್ನೂ ಧರಿಸಿದೆ. ಅದನ್ನು ಕಟ್ಟಿಸಿದವನು ಸ್ವತಃ ಪಾರ್ಸಿಯಲ್ಲಿ ಬರೆದ ಪತ್ರಗಳ ಸಂಗ್ರಹ, ರಿಯಾಜ್-ಉಲ್-ಇನ್ಶಾ, ಇಂದಿಗೂ ಲಭ್ಯ. ಇಷ್ಟು ದೊಡ್ಡ ಪತ್ರಕರ್ತೃವಿನ ಊರಿನಲ್ಲಿ ಅವನ ಪತ್ರಗಳನ್ನು ಮೂಲದಲ್ಲಿ ಓದಿ ಕನ್ನಡದಲ್ಲಿ ವಿವರಿಸಬಲ್ಲ ಯುವಕರು ಸಿದ್ಧರಾಗಬೇಡವೆ?

ಇವು ಪ್ರಸಿದ್ಧವಾದವುಗಳು. ಪ್ರಸಿದ್ಧಿಗೆ ಬಾರದವು ಮನೆಮನೆಯಲ್ಲಿವೆ. ನಮ್ಮದು ಕನ್ನಡ, ಮರಾಠಿ, ದಖನಿ ಉರ್ದು, ತೆಲುಗುಗಳು ಸಂತೆಯಲ್ಲಿ ಭುಜ ತಾಗಿಸಿ ನಡೆಯುವ ಸೀಮೆ. ಔರಾದದ ಹುಡುಗನು ಮನೆಯಲ್ಲಿ ಮರಾಠಿಯನ್ನೂ ಶಾಲೆಯಲ್ಲಿ ಕನ್ನಡವನ್ನೂ ಅಂಗಡಿಯಲ್ಲಿ ಉರ್ದುವನ್ನೂ ಆಡುತ್ತಾನೆ, ಇದೊಂದು ಪಾಂಡಿತ್ಯವೆಂಬ ಪರಿವೆಯೇ ಅವನಿಗಿಲ್ಲ. ಬೆಂಗಳೂರಿನ ಸಂಶೋಧಕನೊಬ್ಬನು ವರ್ಷಗಟ್ಟಲೆ ಶ್ರಮಪಟ್ಟು ಗಳಿಸಬೇಕಾದ ಸಂಪತ್ತು ಇವನಿಗೆ ತೊಟ್ಟಿಲಲ್ಲಿಯೇ ದೊರೆತಿದೆ. ಹಳೆಯ ಮನೆಗಳ ಗಂಟುಗಳಲ್ಲಿ ಉರ್ದುವಿನ ದಸ್ತಾವೇಜುಗಳೂ ಮೋಡಿ ಲಿಪಿಯ ಕಾಗದಗಳೂ ಗೆದ್ದಲಿಗೆ ಆಹಾರವಾಗುತ್ತಿರುವಾಗ, ಅವುಗಳನ್ನು ಓದಲು ಬೇಕಾದ ಭಾಷೆ ಅವನ ನಾಲಗೆಯಲ್ಲಿದೆ. ಲಿಪಿಯನ್ನು ಕಲಿಸುವ ಗುರುವೊಬ್ಬನು ಮಾತ್ರ ಬೇಕು. ನಿಜಾಮರ ಕಾಲದಲ್ಲಿ ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕವನ್ನು ತೂಗಹಾಕಿ ಒಳಗೆ ಕನ್ನಡ ಕಲಿಸಿದರೆಂಬ ವೃತ್ತಾಂತವನ್ನು ನಮ್ಮ ವೇದಿಕೆಗಳಲ್ಲಿ ಪ್ರತಿ ನವೆಂಬರಿನಲ್ಲಿಯೂ ಕೇಳುತ್ತೇವೆ. ಆದರೆ ಆ ಶಾಲೆಯಲ್ಲಿ ಕಲಿತ ಹಿರಿಯರ ಮಾತುಗಳನ್ನು ಅವರು ಬದುಕಿರುವಾಗಲೇ ಬರೆದಿಟ್ಟುಕೊಳ್ಳುವ ಕೆಲಸವು ಭಾಷಣಕ್ಕಿಂತ ಬೆಲೆಯುಳ್ಳದ್ದು, ಹಾಗೂ ಎಂ.ಎ. ವಿದ್ಯಾರ್ಥಿಗೆ ಅತ್ಯಂತ ಯೋಗ್ಯವಾದದ್ದು.

ಈಗ ನಡೆಯುತ್ತಿರುವುದೇನು? ಪರೀಕ್ಷೆಗೆ ತಿಂಗಳಿರುವಾಗ ಹಳೆಯ ನೋಟ್ಸುಗಳ ಜೆರಾಕ್ಸ್, ಗೈಡುಗಳ ಪಾರಾಯಣ; ಕೊಠಡಿಯ ಹಿಂದಿನ ಬೆಂಚಿನಲ್ಲಿ ಪಿ.ಎಸ್.ಐ., ಎಫ್.ಡಿ.ಎ. ಪರೀಕ್ಷೆಗಳ ಪುಸ್ತಕ. ಎಂ.ಎ. ಎಂಬುದು ಬಹುಮಂದಿಗೆ ಸರಕಾರಿ ನೇಮಕಾತಿಯ ಪ್ರಕಟನೆ ಹೊರಡುವವರೆಗೆ ತಂಗುವ ಛತ್ರವಾಗಿದೆ. ಇದಕ್ಕಾಗಿ ನಾನು ವಿದ್ಯಾರ್ಥಿಯನ್ನು ದೂಷಿಸುವುದಿಲ್ಲ. 371 ಜೆ ವಿಧಿಯ ಮೀಸಲಾತಿಯಿಂದ ಈ ಭಾಗದವರಿಗೆ ಹುದ್ದೆಗಳಲ್ಲಿ ಪಾಲು ದೊರೆತಿರುವಾಗ ಅದಕ್ಕಾಗಿ ಹೆಣಗುವುದು ಅವನ ಹಕ್ಕು. ಹೊಟ್ಟೆ ಹಸಿದವನಿಗೆ ಶಾಸನಶಾಸ್ತ್ರವನ್ನು ಬಡಿಸಲಾಗದು. ಆದರೆ ಉದ್ಯೋಗದ ದೃಷ್ಟಿಯಿಂದಲೇ ನೋಡಿದರೂ ಈ ಛತ್ರವಾಸ ನಷ್ಟದ ಬಾಬತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗದ ಈಗಿನ ನಿಯಮದಂತೆ ನಾಲ್ಕು ವರ್ಷಗಳ ಪದವಿಯಲ್ಲಿ ಶೇಕಡಾ 75 ಅಂಕ ಪಡೆದವನು, ಎಂ.ಎ. ಇಲ್ಲದೆಯೇ ನೆಟ್ ಪರೀಕ್ಷೆಗೆ ಕುಳಿತುಕೊಳ್ಳಬಹುದು, ಪಿಎಚ್.ಡಿ.ಗೂ ಸೇರಬಹುದು. ಬೇರೆ ರಾಜ್ಯಗಳ ಅಂಥ ವಿದ್ಯಾರ್ಥಿಗಳು ಪ್ರಬಂಧ ಬರೆದು ಪಳಗಿದ ಕೈಯೊಡನೆ ಸ್ಪರ್ಧೆಗಿಳಿಯುವಾಗ, ನಮ್ಮವನು ಮೂರು ವರ್ಷದ ಬಿ.ಎ.ಯನ್ನೂ ಎರಡು ವರ್ಷದ ಎಂ.ಎ.ಯನ್ನೂ ಮುಗಿಸಿ, ತನ್ನದೆನ್ನುವ ನಾಲ್ಕು ಪುಟಗಳನ್ನೂ ಬರೆಯದೆ ಅವರೆದುರು ನಿಲ್ಲಬೇಕಾಗುತ್ತದೆ.

ಆದುದರಿಂದ ನನ್ನ ಬೇಡಿಕೆ ದೊಡ್ಡದಲ್ಲ. ಆನರ್ಸ್ ವರ್ಷವನ್ನು ಮರಳಿ ತನ್ನಿರೆಂದು ನಾನು ಕೇಳುತ್ತಿಲ್ಲ. ಅದರ ಸಾರವನ್ನು ಎಂ.ಎ.ಯ ಎರಡನೆಯ ವರ್ಷಕ್ಕೆ ವರ್ಗಾಯಿಸಿರೆಂದು ಕೇಳುತ್ತಿದ್ದೇನೆ. ಕನ್ನಡ, ಇತಿಹಾಸ, ಸಮಾಜಶಾಸ್ತ್ರಗಳಂಥ ವಿಷಯಗಳಲ್ಲಿ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿಗೆ ಸಂಬಂಧಪಟ್ಟ ಒಂದು ಆಕರವನ್ನು, ಅದು ಕಲ್ಲಾಗಲಿ, ಕಾಗದವಾಗಲಿ, ಮುದುಕಿಯೊಬ್ಬಳ ಬಾಯಲ್ಲಿ ಉಳಿದಿರುವ ಬೀಸುವ ಪದವಾಗಲಿ, ಪ್ರತ್ಯಕ್ಷವಾಗಿ ಶೋಧಿಸಿ, ಐವತ್ತು ಪುಟಗಳ ಪ್ರಬಂಧವನ್ನು ಬರೆದು, ಪರೀಕ್ಷಕರ ಎದುರು ಸಮರ್ಥಿಸಿಕೊಳ್ಳಬೇಕು; ಗೈಡಿನಿಂದ ಇಳಿಸಿದ ಒಂದು ಪುಟ ಕಂಡುಬಂದರೂ ಅದನ್ನು ಹಿಂದಿರುಗಿಸಬೇಕು. ಇದರೊಡನೆ ಮೋಡಿ, ಹಳಗನ್ನಡ ಶಾಸನಲಿಪಿ, ಉರ್ದು, ಪಾರ್ಸಿ ಇವುಗಳಲ್ಲಿ ಒಂದನ್ನು ವಾರಕ್ಕೆ ಎರಡು ಗಂಟೆಯಂತೆ ಕಲಿಸಬೇಕು. ಇದಕ್ಕೆ ಹೊಸ ಕಟ್ಟಡ ಬೇಡ. ಬೇಕಾದದ್ದು ಖಾಯಂ ಅಧ್ಯಾಪಕರು. ಒಬ್ಬ ಮಾರ್ಗದರ್ಶಕನ ಪಾಲಿಗೆ ಹತ್ತಕ್ಕಿಂತ ಹೆಚ್ಚು ಪ್ರಬಂಧಗಳು ಬಿದ್ದರೆ ಇಡೀ ಏರ್ಪಾಡು ಒಂದೇ ವರ್ಷದಲ್ಲಿ ಸಹಿ ಹಾಕುವ ಶಾಸ್ತ್ರವಾಗಿ ಇಳಿದುಹೋಗುತ್ತದೆ. ಹುದ್ದೆಗಳನ್ನು ತುಂಬುವ ವಿಚಾರದಲ್ಲಿ ಸರಕಾರವು ಹಣವಿಲ್ಲವೆನ್ನುವುದು ಗೊತ್ತಿರುವ ಮಾತೇ. ಕಲ್ಯಾಣ ಕರ್ನಾಟಕದ ಅಭಿವೃದ್ಧಿಗೆಂದು ಮಂಡಳಿಯೊಂದು ಇದೆ, ಅದಕ್ಕೆ ಪ್ರತಿವರ್ಷ ಅನುದಾನವೂ ಬರುತ್ತದೆ. ಸಮುದಾಯ ಭವನಗಳ ನಡುವೆ ಕೆಲವು ಅಧ್ಯಾಪಕರ ಸಂಬಳಕ್ಕೂ ಅದರಲ್ಲಿ ಸ್ಥಳ ಮಾಡಲಾಗದೆ ಎಂದು ನಮ್ಮ ಶಾಸಕರು ಮುಂದಿನ ಸಭೆಯಲ್ಲಿ ಕೇಳಿ ನೋಡಲಿ.