ಮೆಟ್ರೋ ಗೇಟಿನ ಮುಂದೆ ನಿಂತ ಊರಿನವರು

ಪುಣೆ: ಬೆಳಗಾವಿ, ಹುಬ್ಬಳ್ಳಿ ಕಡೆಯಿಂದ ರೈಲಿನಲ್ಲಿ ಬರುವ ನಮ್ಮ ಜನ ಪುಣೆ ರೇಲ್ವೆ ನಿಲ್ದಾಣದಲ್ಲಿ ಇಳಿದರೆ, ಬಸ್ಸಿನಲ್ಲಿ ಬರುವ ಅನೇಕರು ಸ್ವಾರ್‌ಗೇಟ್‌ನಲ್ಲಿ ಇಳಿಯುತ್ತಾರೆ. ಇಂದು ಎರಡೂ ಕಡೆ ಮೆಟ್ರೋ ಇದೆ. ಆದರೂ ಮಗನ ಮನೆಗೆಂದು ಮೊದಲ ಬಾರಿ ಬಂದ ಹಿರಿಯರು ಗಂಟುಮೂಟೆ ಹಿಡಿದು ರಿಕ್ಷಾದವರೊಡನೆ ಚೌಕಾಸಿಗೆ ನಿಲ್ಲುವುದು ತಪ್ಪಿಲ್ಲ. ಅದಕ್ಕೆ ಕಾರಣ ದುಡ್ಡಲ್ಲ, ಗೇಟಿನ ಅಂಜಿಕೆ.

ಪುಣೆ ಮೆಟ್ರೋ 2022ರ ಮಾರ್ಚ್ 6ರಂದು ಎರಡು ತುಂಡು ಮಾರ್ಗಗಳಲ್ಲಿ ಆರಂಭವಾಯಿತು. 2023ರ ಆಗಸ್ಟ್‌ನಲ್ಲಿ ಆ ಎರಡೂ ಸಿವಿಲ್ ಕೋರ್ಟ್ ನಿಲ್ದಾಣದಲ್ಲಿ ಕೂಡಿದವು. 2024ರ ಸೆಪ್ಟೆಂಬರ್ 29ರಂದು ಸ್ವಾರ್‌ಗೇಟ್‌ವರೆಗಿನ ಸುರಂಗ ಮಾರ್ಗ ಉದ್ಘಾಟನೆಗೊಂಡಿತು. ಹೊಸಬರನ್ನು ಕಂಗೆಡಿಸುವುದು ಈ ಸಿವಿಲ್ ಕೋರ್ಟ್ ನಿಲ್ದಾಣವೇ. ವನಾಜ್–ರಾಮವಾಡಿ ರೈಲು ಅಲ್ಲಿ ಎತ್ತರದ ಸೇತುವೆಯ ಮೇಲೆ. ಪಿಂಪ್ರಿ-ಚಿಂಚ್‌ವಡ್–ಸ್ವಾರ್‌ಗೇಟ್ ರೈಲು ಸುಮಾರು 33 ಮೀಟರ್ ಆಳದಲ್ಲಿ. ಚಲಿಸುವ ಮೆಟ್ಟಿಲು ಕಂಡು ಸೀರೆಯ ಸೆರಗು ಬಿಗಿ ಹಿಡಿಯುವ ತಾಯಂದಿರು ಲಿಫ್ಟ್ ಇದೆ ಎಂಬುದನ್ನು ಕೇಳಿ ತಿಳಿಯಬೇಕು. ಕೋಥ್ರೂಡ್‌ಗೆ ಹೋಗುವವರಿಗೆ ಈ ತಾಪತ್ರಯವಿಲ್ಲ, ಪುಣೆ ನಿಲ್ದಾಣದಿಂದ ನೇರ ರೈಲು.

ಇನ್ನು ಕಾರ್ಡಿನ ವಿಚಾರ. ನಾಲ್ಕು ದಿನಕ್ಕೆಂದು ಬಂದವರು ಕಾರ್ಡ್ ಮಾಡಿಸುವ ಗೋಜಿಗೆ ಹೋಗಬೇಕಾಗಿಲ್ಲ, ಕೌಂಟರಿನ ಚೀಟಿ ಸಾಕು. ಆದರೆ ಒಳಗೆ ಹೋದ ಕೂಡಲೇ ಆ ಚೀಟಿಯನ್ನು ಮಡಚಿ ಎಸೆಯುವ ಬಸ್ಸಿನ ಅಭ್ಯಾಸ ಇಲ್ಲಿ ನಡೆಯದು. ಹೊರಬರಲೂ ಅದನ್ನೇ ತೋರಿಸಬೇಕು. ಇಲ್ಲೇ ನೆಲೆಸಿದವರಿಗೆ ಕಾರ್ಡ್ ಲಾಭದಾಯಕ. 2019ರಲ್ಲಿ ಕೇಂದ್ರ ಸರಕಾರ ಜಾರಿಗೆ ತಂದ ರಾಷ್ಟ್ರೀಯ ಸಂಚಾರ ಕಾರ್ಡ್ ಪದ್ಧತಿಯ 'ಏಕ್ ಪುಣೆ ಕಾರ್ಡ್' ಇಲ್ಲಿ 2023ರಿಂದ ಸಿಗುತ್ತಿದೆ. ಈ ಬಗೆಯ ಕಾರ್ಡನ್ನು ಬೆಂಗಳೂರಿನ ನಮ್ಮ ಮೆಟ್ರೋ ಕೂಡ ಸ್ವೀಕರಿಸುತ್ತದೆ. ಬೆಂಗಳೂರಿನ ಹಳೆಯ ಮೆಟ್ರೋ ಕಾರ್ಡ್ ಮಾತ್ರ ಇಲ್ಲಿ ಕೆಲಸಕ್ಕೆ ಬಾರದು.

ಮುಖ್ಯವಾಗಿ ಎಡವುವುದು ಎರಡು ಕಡೆ. ಮಗ ಮೊಬೈಲಿನಿಂದ ತುಂಬಿಸಿದ ಹಣ ತಾನಾಗಿ ಕಾರ್ಡಿನೊಳಗೆ ಇಳಿಯುವುದಿಲ್ಲ. ನಿಲ್ದಾಣದ ಯಂತ್ರಕ್ಕೆ ಒಮ್ಮೆ ಹಚ್ಚಿ ಬ್ಯಾಲೆನ್ಸ್ ಬರೆಸಿಕೊಳ್ಳಬೇಕು. ಹಾಗೆಯೇ ಗಂಡ ಒಳಹೋಗಿ ಅದೇ ಕಾರ್ಡನ್ನು ಹೆಂಡತಿಗೆ ದಾಟಿಸಿದರೆ ಗೇಟು ತೆರೆಯದು. ಒಬ್ಬರಿಗೆ ಒಂದು ಕಾರ್ಡ್. ಈ ಕಾರಣಕ್ಕೆ ಗೇಟಿನ ಆಚೆ ಒಬ್ಬರು, ಈಚೆ ಒಬ್ಬರು ನಿಂತು, ಹಿಂದಿನವರ ಗೊಣಗಾಟ ಕೇಳಿ, ಭಾಷೆಯೂ ಬಾರದೆ ಮುಜುಗರ ಪಟ್ಟ ಹಿರಿಯರು ಮತ್ತೆ ಮೆಟ್ರೋ ಹತ್ತಲು ಒಪ್ಪುವುದಿಲ್ಲ. ಮಗ ಕೆಲಸಕ್ಕೆ ಹೋದ ಮೇಲೆ ಅವರಿಗೆ ಪುಣೆ ಎಂದರೆ ಫ್ಲ್ಯಾಟಿನ ನಾಲ್ಕು ಗೋಡೆ ಮಾತ್ರ.

ಇದಕ್ಕೆ ಮಕ್ಕಳು ಒಂದು ಭಾನುವಾರ ಜೊತೆಗೆ ಹೋಗಿ ಬಂದರೆ ಸಾಕು. ಸಂಘ-ಸಂಸ್ಥೆಗಳೂ ಸ್ವಲ್ಪ ಮನಸ್ಸು ಮಾಡಬಹುದು. ಎರಂಡವಣೆಯ ಕನ್ನಡ ಶಾಲೆಯ ಪರಿಸರಕ್ಕೆ ಕರ್ವೆ ರಸ್ತೆಯ ಮೆಟ್ರೋ ದೂರವೇನಲ್ಲ. ಆದರೂ ಅತಿಥಿ-ಅಭ್ಯಾಗತರ ಹೆಸರನ್ನು ಎರಡು ಪುಟ ತುಂಬಿಸುವ ಆಮಂತ್ರಣ ಪತ್ರಿಕೆಗಳಲ್ಲಿ ಹತ್ತಿರದ ಮೆಟ್ರೋ ನಿಲ್ದಾಣ ಯಾವುದು, ಹೊರಬರುವ ದ್ವಾರ ಎಲ್ಲಿ ಎಂಬ ಒಂದು ಸಾಲು ಕಾಣುವುದು ಅಪರೂಪ. ಬರುವ ರಾಜ್ಯೋತ್ಸವದ ಆಮಂತ್ರಣದಿಂದಲೇ ಅದನ್ನು ಆರಂಭಿಸಬಹುದು.